ಮೂವತ್ತು ಕೂಡಿಸು ಹದಿನೈದು

ನಮ್ಮ ಚಿಕ್ಕಪ್ಪನ ಎಡಗಣ್ಣು ಹೋದದ್ದಕ್ಕೆ ಸರ್ಕಾರದ ಲೆಕ್ಕದಲ್ಲಿ ಸಿಗುವುದು ಶೇ 30. ಅವನೊಬ್ಬನಿಗೆಂದು ಹಾಕಿದ ಲೆಕ್ಕವಲ್ಲ ಇದು. ಒಂದು ಕಣ್ಣು ಪೂರಾ ಹೋಗಿ ಇನ್ನೊಂದು ನೆಟ್ಟಗಿರುವವರು ಯಾರೇ ಆಗಲಿ, ಅವರ ಅಂಗವೈಕಲ್ಯ ಶೇ 30 ಎಂದು 2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಕೋಷ್ಟಕ ಹೇಳುತ್ತದೆ. ಮಾಸಾಶನಕ್ಕಾಗಲಿ ಬಸ್ ಪಾಸಿಗಾಗಲಿ ಕನಿಷ್ಠ 40 ಬೇಕು. ಜಿಲ್ಲಾಸ್ಪತ್ರೆಯಿಂದ ಮೊದಲ ಸಲ ಹೊರಗೆ ಬಂದಾಗ ಚಿಕ್ಕಪ್ಪ, "ಹತ್ತು ಮಾರ್ಕ್ಸಲ್ಲಿ ಹೊಡೆದೋಯ್ತು ಕಣ್ ಮಗ" ಎಂದು ನಕ್ಕ. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವನಿಗೆ ಫೇಲಾಗುವುದು ಹೊಸದೇನಲ್ಲ.

ಕಣ್ಣು ಹೋದದ್ದು ಚಿನ್ನಿದಾಂಡು ಆಡುವಾಗ. ಎದುರಿಗಿದ್ದವನು ಎಗರಿಸಿ ಹೊಡೆದ ಚಿನ್ನಿಯ ಚೂಪು ತುದಿ ನೇರ ಕಣ್ಣಿಗೇ ಬಂತಂತೆ. ಬಾಣಂತಿಯೊಬ್ಬಳ ಎದೆಹಾಲು ತಂದು ಬಿಟ್ಟರು, ಮಾದಪ್ಪನಿಗೆ ಹರಕೆ ಕಟ್ಟಿದರು, ಪಟ್ಟಣದ ಡಾಕ್ಟರ ಹತ್ತಿರ ಹೋಗುವ ಹೊತ್ತಿಗೆ ಅವರು ಮಾಡುವುದೇನೂ ಉಳಿದಿರಲಿಲ್ಲ. ಬೆರಳು ಹೋದದ್ದು ಎಷ್ಟೋ ವರ್ಷದ ಮೇಲೆ, ಆಲೆಮನೆಯಲ್ಲಿ. ಗಾಣಕ್ಕೆ ಕಬ್ಬು ಕೊಡುವವನು ಒಂದು ಕಣ್ಣಿನವನಾದರೆ ದೂರದ ಅಂದಾಜು ಸಿಗುವುದಿಲ್ಲ ಅನ್ನುವುದು ಆಗ ಯಾರಿಗೂ ಹೊಳೆದಿರಲಿಲ್ಲ, ಅವನಿಗೂ ಹೊಳೆದಿರಲಿಲ್ಲ. ಎಡಗೈಯ ತೋರುಬೆರಳು ಬುಡದವರೆಗೆ ಹೋಯಿತು. ಗಾಯ ಮಾಯ್ದ ಮೇಲೆ ಅದೇ ಗಾಣದ ಮುಂದೆ ಮತ್ತೆ ಕುಳಿತು ಇನ್ನೂ ಹಲವು ಸುಗ್ಗಿ ಕಬ್ಬು ಕೊಟ್ಟ.

ಆ ಬೆರಳನ್ನು ಲೆಕ್ಕಕ್ಕೆ ತೆಗೆದುಕೊಂಡ ಸರ್ಕಾರಿ ಕಾಗದ ನನಗೆ ಗೊತ್ತಿದ್ದದ್ದು ಒಂದೇ, ಚುನಾವಣೆಯದು. ಮತ ಹಾಕುವವರ ಎಡಗೈ ತೋರುಬೆರಳಿಗೆ ಶಾಯಿ ಹಾಕಬೇಕು, ಆ ಬೆರಳಿಲ್ಲದಿದ್ದರೆ ಅದೇ ಕೈಯ ಬೇರೆ ಬೆರಳಿಗೆ ಹಾಕಬೇಕು ಎಂದು ಚುನಾವಣಾ ನಿಯಮದಲ್ಲೇ ಬರೆದಿದೆ. ಮೇಷ್ಟ್ರ ಕೆಲಸದಲ್ಲಿರುವುದರಿಂದ ಎಲೆಕ್ಷನ್ ಡ್ಯೂಟಿಯ ಟ್ರೈನಿಂಗಿನಲ್ಲಿ ಕೇಳಿದ್ದೆ. ಚಿಕ್ಕಪ್ಪನ ನಡುಬೆರಳಿನ ಉಗುರಿನ ಮೇಲೆ ಶಾಯಿಯ ಗೆರೆ ಬೆಳೆದುಕೊಂಡು ಬರುವುದನ್ನು ಪ್ರತಿ ಚುನಾವಣೆ ಆದ ಮೇಲೂ ನೋಡಿದ್ದೇನೆ.

2022ರಲ್ಲಿ ಅವನಿಗೆ ಐವತ್ತೇಳು. ಆಲೆಮನೆ ಮುಚ್ಚಿತ್ತು, ಕಬ್ಬು ಲೋಡು ಮಾಡಲು ಸೊಂಟ ಕೇಳುತ್ತಿರಲಿಲ್ಲ. ಸಂಧ್ಯಾ ಸುರಕ್ಷಾಕ್ಕೆ ಅರವತ್ತೈದಾಗಬೇಕು. ಉಳಿದದ್ದು ಅಂಗವಿಕಲರ ಮಾಸಾಶನ. ಅದರ ಹಿಂದಿನ ವರ್ಷವಷ್ಟೇ 600 ಇದ್ದದ್ದನ್ನು 800 ಮಾಡಿದ್ದರು. ಎಪ್ಪತ್ತೈದು ಪರ್ಸೆಂಟಿನ ಮೇಲಿದ್ದವರಿಗೆ 1,400. ಎಂಟ್ನೂರು ರೂಪಾಯಿಗೆ ಇಷ್ಟು ಓಡಾಟವೇ ಅನ್ನುವವರು ನಮ್ಮ ಮನೆಯಲ್ಲೇ ಇದ್ದರು. ಚಿಕ್ಕಮ್ಮನ ಬಿಪಿ, ಶುಗರ್ ಮಾತ್ರೆ ತರುತ್ತಿದ್ದವಳು ನಾನು. ಎಂಟ್ನೂರು ರೂಪಾಯಿಗೆ ಏನೇನು ಬರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಈ ದಾರಿ ತೋರಿಸಿದ್ದು ನಮ್ಮ ಪಂಚಾಯಿತಿಯ ವಿಆರ್‌ಡಬ್ಲ್ಯೂ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತ ಅನ್ನುವುದು ಕಾಗದದ ಮೇಲಿನ ಹೆಸರು. ಹಳ್ಳಿಯಲ್ಲಿ ಎಲ್ಲರೂ ವಿಆರ್‌ಡಬ್ಲ್ಯೂ ಎಂದೇ ಕರೆಯುವುದು. ಗೌರವಧನದ ಮೇಲೆ ದುಡಿಯುವ, ಹೆಚ್ಚಾಗಿ ತಾವೇ ಅಂಗವಿಕಲರಾಗಿರುವ ಇಂಥವರು ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿದ್ದಾರೆ. ನಮ್ಮವರಿಗೆ ಪೋಲಿಯೊ. ಹಿಂದೆ ಎರಡು ಚಕ್ರ ಹೆಚ್ಚಿಗೆ ಹಾಕಿಸಿದ ಸ್ಕೂಟಿಯಲ್ಲಿ ಊರೂರು ತಿರುಗುತ್ತಾರೆ, ಡಿಕ್ಕಿಯಲ್ಲಿ ಜೆರಾಕ್ಸ್ ಕಟ್ಟು, ಅಂಟು, ಸ್ಟಾಂಪ್ ಪ್ಯಾಡು. "ಮೊದ್ಲು ಯುಡಿಐಡಿಗೆ ಹಾಕಣ ಮೇಡಂ. ಈಗ ಎಲ್ಲಾ ಆನ್‌ಲೈನು. ಬೋರ್ಡಲ್ಲಿ ಕೈಲಿ ಬರ್ದು ಸೀಲ್ ಹೊಡ್ಕೊಡೋ ಕಾಲ ಹೋಯ್ತು" ಎಂದರು. 2021ರ ಜೂನ್ ಒಂದರಿಂದ ಅಂಗವಿಕಲರ ಪ್ರಮಾಣಪತ್ರವನ್ನು ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿನ, ಪೋರ್ಟಲ್ ಮೂಲಕವೇ ಕೊಡಬೇಕು ಎಂದಾಗಿತ್ತು. ಕಾರ್ಡಿಗೂ ಬಣ್ಣ ಉಂಟು: ನಲವತ್ತರ ಕೆಳಗಿದ್ದರೆ ಬಿಳಿ, ನಲವತ್ತರಿಂದ ಎಂಬತ್ತರೊಳಗೆ ಹಳದಿ, ಅದರ ಮೇಲೆ ನೀಲಿ.

ಪ್ರಮಾಣಪತ್ರ ಕೊಡುವ ಡಾಕ್ಟರುಗಳ ಬೋರ್ಡು ಕೂರುವ ದಿನ ಜಿಲ್ಲಾಸ್ಪತ್ರೆಯ ಕಾರಿಡಾರು ನೋಡಬೇಕು. ಹಿಂದಿನ ರಾತ್ರಿಯೇ ಬಂದು ಮಲಗಿದ್ದವರ ಚಾಪೆ, ತಿಂಡಿ ಡಬ್ಬಿ, ಕೈಲಿ ಹಿಡಿದ ಪ್ಲಾಸ್ಟಿಕ್ ಕವರಿನೊಳಗೆ ಮಡಿಸಿ ಮಡಿಸಿ ಹರಿಯುವ ಹಂತಕ್ಕೆ ಬಂದ ಹಳೇ ಸರ್ಟಿಫಿಕೇಟು. ಎಲ್ಲೆಲ್ಲೂ ಪಿಸುಮಾತಿನ ಪಾಠ. "ಒಳಗೋದಾಗ ಜೋರಾಗಿ ನಡೀಬ್ಯಾಡ." "ಕೇಳಿದ್ರೆ ಕೇಳಿಸ್ಲಿಲ್ಲ ಅನ್ನು." ಒಬ್ಬ ತಾಯಿ ತನ್ನ ಮಗನಿಗೆ ಅಂಗಿ ಗುಂಡಿ ಹಾಕಲು ಬರುವುದಿಲ್ಲ ಅನ್ನುವಂತೆ ತಾಕೀತು ಮಾಡುತ್ತಿದ್ದಳು. ಆ ಹುಡುಗನಿಗೆ ಗುಂಡಿ ಹಾಕಿಕೊಳ್ಳಲು ಕಲಿಸಿದ್ದೂ ಅವಳೇ ಇರಬೇಕು, ಅದಕ್ಕೆ ಎಷ್ಟು ವರ್ಷ ಹಿಡಿದಿತ್ತೋ. ಇದನ್ನು ಸುಳ್ಳು ಅನ್ನುವವರು ಅನ್ನಲಿ. ಹುಟ್ಟಿದಾಗಿನಿಂದ "ನಿನ್ನ ಕೈಲಾಗುತ್ತೆ ಮಾಡು" ಎಂದು ಹೇಳಿಸಿಕೊಂಡು ಬೆಳೆದವರು ಅವತ್ತೊಂದು ದಿನ ಆಗುವುದಿಲ್ಲ ಎಂದು ತೋರಿಸಬೇಕು. ಹೆಚ್ಚಿನವರಿಗೆ ಅದೂ ಸರಿಯಾಗಿ ಬರುವುದಿಲ್ಲ.

ಚಿಕ್ಕಪ್ಪನಿಗಂತೂ ಬರಲೇ ಇಲ್ಲ. ಕಣ್ಣಿನ ಡಾಕ್ಟರು ಗೋಡೆಗೆ ತೂಗುಹಾಕಿದ್ದ ಪಟದಲ್ಲಿ ಇಂಗ್ಲಿಷಿನ ಇ ಅಕ್ಷರವನ್ನೇ ನಾಲ್ಕೂ ದಿಕ್ಕಿಗೆ ತಿರುಗಿಸಿ ಬರೆದಿತ್ತು, ಓದು ಬಾರದವರಿಗಾಗಿ. ಅದರ ಬಾಯಿ ಯಾವ ಕಡೆಗಿದೆ ಎಂದು ಕೈಯಲ್ಲಿ ತೋರಿಸಬೇಕು. ಬಲಗಣ್ಣಿನಲ್ಲಿ ಕೊನೇ ಸಾಲಿನವರೆಗೂ ಟಕಟಕನೆ ತೋರಿಸಿದ. ಅವನ ಮುಖದಲ್ಲಿ ಆಗ ಬಂದ ಕಳೆ ನೋಡಿ ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. "ಈಗ ಒಳ್ಳೇ ಕಣ್ಣು ಮುಚ್ಕೊಳಿ" ಎಂದರು ಡಾಕ್ಟರು. ಬಲಗೈ ದಿಕ್ಕು ತೋರಿಸಲು ಬೇಕಲ್ಲ, ಎಡಗೈಯನ್ನು ಅಡ್ಡ ತಂದು ಬಲಗಣ್ಣು ಮುಚ್ಚಿಕೊಂಡ. ಆಮೇಲೂ ಮೇಲಿನ ಎರಡು ಸಾಲು ಸರಿಯಾಗಿ ತೋರಿಸಿದ! ಡಾಕ್ಟರು ಎದ್ದು ನಿಂತರು. "ಏನ್ ಯಜಮಾನ್ರೇ, ಆಟ ಆಡ್ತಿದ್ದೀರಾ?" ಹತ್ತಿರ ಬಂದು ನೋಡಿದರೆ ತೋರುಬೆರಳಿಲ್ಲದ ಸಂದಿನಿಂದ ಅವನ ಬಲಗಣ್ಣು ಪಿಳಿಪಿಳಿ ನೋಡುತ್ತಿತ್ತು. ಅವನಿಗೂ ಅದು ಗೊತ್ತಿರಲಿಲ್ಲ. ಎಲ್ಲರೂ ನಕ್ಕೆವು, ಡಾಕ್ಟರೂ ನಕ್ಕರು. ಹಿಡಿ ಇರುವ ಕಪ್ಪು ತಟ್ಟೆಯೊಂದನ್ನು ಕೊಟ್ಟು ಮತ್ತೆ ನೋಡಿಸಿದರು. ಈ ಸಲ ಕತ್ತಲೆ.

ಕಂಪ್ಯೂಟರಿನಲ್ಲಿ 30 ಎಂದು ಬಿತ್ತು. ಬೆರಳಿನ ವಿಷಯ ನಾನು ಎತ್ತಿದೆ. "ಅದು ನಮ್ಮ ವಿಭಾಗ ಅಲ್ಲಮ್ಮ" ಎಂದರು. ಅವರು ಸಿಡುಕಲಿಲ್ಲ, ಲಂಚ ಕೇಳಲಿಲ್ಲ, ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಅರ್ಜಿಯಲ್ಲಿ ದೃಷ್ಟಿದೋಷ ಎಂದಷ್ಟೇ ಗುರುತು ಹಾಕಿತ್ತು, ಮೂಳೆ ಡಾಕ್ಟರು ಪಕ್ಕದ ಕೋಣೆಯಲ್ಲೇ ಕುಳಿತಿದ್ದರು. ಐದು ನಿಮಿಷದ ಹಿಂದೆ ಆ ಬೆರಳಿನ ಸಂದಿಯನ್ನು ಕಣ್ಣಾರೆ ಕಂಡು ನಕ್ಕಿದ್ದವರಿಗೆ ಅದನ್ನು ಬರೆದುಕೊಳ್ಳಲು ಜಾಗವಿರಲಿಲ್ಲ. ಸರ್ಕಾರಿ ಕಚೇರಿಯ ಅನ್ಯಾಯ ಅಂದರೆ ಮೇಜಿನ ಕೆಳಗಿನ ಕೈ ಎಂದೇ ನಾವು ತಿಳಿಯುತ್ತೇವೆ. ಮೇಜಿನ ಮೇಲೆಯೇ, ಎಲ್ಲರ ಕಣ್ಣೆದುರಿಗೇ, ಯಾರ ತಪ್ಪೂ ಇಲ್ಲದೆ ನಡೆಯುವಂಥದು ಇನ್ನೂ ಹೆಚ್ಚು.

ಬಿಳಿ ಕಾರ್ಡನ್ನು ನೋಡಿ ವಿಆರ್‌ಡಬ್ಲ್ಯೂ ಬೇಜಾರು ಮಾಡಿಕೊಳ್ಳಲಿಲ್ಲ. ಬದಲಿಗೆ ಹುರುಪಾದರು. "ಅಪೀಲ್ ಹೋಗಣ ಮೇಡಂ. 2016ರ ಆಕ್ಟಲ್ಲಿ ಐವತ್ತೊಂಬತ್ತನೇ ಸೆಕ್ಷನ್ನು." ಆ ಕಾಯ್ದೆ ಅವರಿಗೆ ಬಾಯಿಪಾಠ. 1995ರ ಹಳೇ ಕಾಯ್ದೆಯಲ್ಲಿ ಏಳೇ ಬಗೆಯ ಅಂಗವೈಕಲ್ಯ ಇತ್ತು, ಹೊಸದರಲ್ಲಿ ಇಪ್ಪತ್ತೊಂದು. ಅಪೀಲಲ್ಲೂ ಆಗದಿದ್ದರೆ ಬೆಂಗಳೂರಿನ ಆಯುಕ್ತರಿಗೆ ಬರೆಯಬಹುದು, ಅಧಿಕಾರಿಗಳಿಗೆ ಸಮನ್ಸ್ ಕೊಟ್ಟು ಕರೆಸುವ ವಿಷಯದಲ್ಲಿ ಅವರಿಗೆ ಸಿವಿಲ್ ಕೋರ್ಟಿನಷ್ಟೇ ಅಧಿಕಾರ ಇದೆ ಎಂದೆಲ್ಲ ಹೇಳಿದರು. ಆಮೇಲೆ ಒಂದು ಹಳೇ ಅರ್ಜಿಯ ಹಿಂಬದಿಯಲ್ಲಿ ಪೆನ್ನಿನಿಂದ ಬರೆದು ನನ್ನ ಮುಂದೆ ಇಟ್ಟರು. ದೊಡ್ಡ ಸಂಖ್ಯೆ, ಅದಕ್ಕೆ ಕೂಡಿಸಬೇಕಾದದ್ದು: ಚಿಕ್ಕ ಸಂಖ್ಯೆಯನ್ನು, ತೊಂಬತ್ತರಲ್ಲಿ ದೊಡ್ಡದನ್ನು ಕಳೆದು ಉಳಿದದ್ದರಿಂದ ಗುಣಿಸಿ, ತೊಂಬತ್ತರಿಂದ ಭಾಗಿಸಿದರೆ ಬರುವುದು. ಒಂದಕ್ಕಿಂತ ಹೆಚ್ಚು ಅಂಗವೈಕಲ್ಯ ಇದ್ದರೆ ಹೀಗೆ ಕೂಡಿಸಬೇಕು ಎಂದು ಮಾರ್ಗಸೂಚಿಯಲ್ಲೇ ಇದೆ. "ನಿಮ್ಮ ಚಿಕ್ಕಪ್ಪನ ಬೆರಳಿಗೆ ಹದ್ನೈದು ಬರ್ದ್ರೆ ಸಾಕು. ಮೂವತ್ತಿಗೆ ಹತ್ತು ಸೇರ್ತದೆ."

ನಾನು ಗಣಿತದವಳು. ಆ ಸೂತ್ರ ನೋಡಿ ನನಗೆ ಮೊದಲು ಬಂದದ್ದು ಸಿಟ್ಟಲ್ಲ, ಒಂಥರಾ ಖುಷಿ. ಇದನ್ನು ಮಾಡಿದವರು ಯೋಚಿಸಿಯೇ ಮಾಡಿದ್ದಾರೆ. ಮೊದಲ ಪೆಟ್ಟು ಒಟ್ಟು ತೊಂಬತ್ತರಲ್ಲಿ ಮೂವತ್ತನ್ನು ತೆಗೆದುಕೊಂಡು ಹೋಯಿತು. ಉಳಿದದ್ದು ಅರವತ್ತು. ಎರಡನೇ ಪೆಟ್ಟು ಬೀಳುವುದು ಆ ಉಳಿದದ್ದರ ಮೇಲೆ, ಆದ್ದರಿಂದ ಹದಿನೈದರಲ್ಲಿ ಮೂರನೇ ಎರಡು ಭಾಗ, ಹತ್ತು. ಕಾಗದದ ಮೇಲೆ ಚೊಕ್ಕವಾಗಿದೆ. ಆದರೆ ಗಾಣದ ಮುಂದೆ ಕುಳಿತವನ ವಿಷಯದಲ್ಲಿ ಇದು ಉಲ್ಟಾ. ಕಣ್ಣಿಲ್ಲದ್ದರಿಂದಲೇ ಬೆರಳು ಹೋಯಿತು. ಬೆರಳು ಹೋದ ಕೈಯನ್ನು ಕಾಯಲು ಆ ಪಕ್ಕದಲ್ಲಿ ಕಣ್ಣಿಲ್ಲ. ಎರಡೂ ಎಡಗಡೆಯವೇ. ಒಂದು ಇನ್ನೊಂದನ್ನು ಹೆಚ್ಚು ಮಾಡುತ್ತದೆಯೇ ಹೊರತು ಕಡಿಮೆ ಮಾಡುವುದಿಲ್ಲ. ಇದನ್ನು ಯಾವ ಸೂತ್ರದಲ್ಲಿ ಹಿಡಿಸುತ್ತೀರಿ ಎಂದು ಕೇಳಿದರೆ ನನಗೂ ಉತ್ತರ ತೋಚುವುದಿಲ್ಲ.

ಮೇಲ್ಮನವಿ ಕೇಳುವ ಮಂಡಳಿ ಕೂತದ್ದು ಇನ್ನೊಂದು ಊರಿನ ದೊಡ್ಡಾಸ್ಪತ್ರೆಯಲ್ಲಿ. ಅಲ್ಲಿ ಕಾದವರು ಬೇರೆಯೇ ಥರದವರು. ಮೊದಲ ಬೋರ್ಡಿನ ಕಾರಿಡಾರಿನಲ್ಲಿ ಇದ್ದ ಅಂಜಿಕೆ ಇಲ್ಲಿರಲಿಲ್ಲ. ಇವರೆಲ್ಲ ಒಂದು ಸಲ ಇಲ್ಲ ಅನ್ನಿಸಿಕೊಂಡು ಬಂದವರು. ಹಳೇ ಸರ್ಟಿಫಿಕೇಟಿನಲ್ಲಿ ಎಪ್ಪತ್ತೈದಕ್ಕಿಂತ ಹೆಚ್ಚಿದ್ದು, ಕಾರ್ಡು ಮಾಡಿಸಲು ಹೋದಾಗ ಅರವತ್ತಕ್ಕಿಳಿದವರೊಬ್ಬರಿದ್ದರು. ಸಾವಿರದ ನಾನೂರು ಎಂಟ್ನೂರಾಗಿತ್ತು. ಕಾಲಿಗೆ ಪೋಲಿಯೊ ಆದ ಹೆಂಗಸೊಬ್ಬರಿಗೆ ತಾತ್ಕಾಲಿಕ ಎಂದು ಬರೆದು ಕೊಟ್ಟಿದ್ದರಂತೆ. "ಇನ್ನೈದು ವರ್ಸದಲ್ಲಿ ಕಾಲು ಬೆಳೀತದಾ ಅಂತ ಕೇಳಕ್ಕೇ ಬಂದಿವ್ನಿ" ಎಂದರು ಆಕೆ, ಪಕ್ಕದವರಿಗೆಲ್ಲ ಕೇಳುವಂತೆ. ಥಲಸ್ಸೇಮಿಯಾ ಇರುವ ಮಗಳನ್ನು ಕರೆತಂದಿದ್ದ ಅಪ್ಪ, ಅದು ಇಪ್ಪತ್ತೊಂದರ ಪಟ್ಟಿಯಲ್ಲಿದೆ ಎಂದು ಗೊತ್ತಾಗುವುದಕ್ಕೇ ತನಗೆ ವರ್ಷಗಳು ಬೇಕಾದವು ಎಂದ. ಹುಡುಗಿ ನೋಡಲು ಲಕ್ಷಣವಾಗಿದ್ದಳು, ಅದೇ ಅವಳ ತೊಂದರೆ. ಬಸ್ಸಿನಲ್ಲಿ ಅಂಗವಿಕಲರ ಸೀಟಿನಲ್ಲಿ ಕೂತರೆ ಜನ ಎಬ್ಬಿಸುತ್ತಾರಂತೆ.

ವಿಚಾರಣೆ ಅಂದಾಗ ನಾನು ಸಿನಿಮಾದ ಕೋರ್ಟಿನಂಥದ್ದನ್ನು ಅಂದುಕೊಂಡಿದ್ದೆ. ಉದ್ದನೆಯ ಮೇಜು, ಅದರ ಹಿಂದೆ ಮೂವರು ಡಾಕ್ಟರು, ಒಂದು ಕಂಪ್ಯೂಟರು, ಚಹಾದ ಲೋಟ. ವಾದ ಮಾಡುವವರು ಯಾರೂ ಇಲ್ಲ. ಹಾಗಾಗಿ ನಾನೇ ಒಂದು ಹಾಳೆಯಲ್ಲಿ ಲೆಕ್ಕ ಬರೆದುಕೊಂಡು ಹೋಗಿದ್ದೆ. ಮೂಳೆ ಡಾಕ್ಟರು ಚಿಕ್ಕಪ್ಪನ ಎಡಗೈಯನ್ನು ಮೇಜಿನ ಮೇಲೆ ಇಡಿಸಿಕೊಂಡು, ಬೆರಳು ಎಲ್ಲಿಂದ ಹೋಗಿದೆ ಎಂದು ಒತ್ತಿ ನೋಡಿದರು. ಉಳಿದ ಬೆರಳು ಮಡಿಸಿ, ಬಿಚ್ಚಿ ಅಂದರು. ಒಂದು ರೂಪಾಯಿ ನಾಣ್ಯ ಮೇಜಿನ ಮೇಲೆ ಹಾಕಿ ತೆಗೆಯಲು ಹೇಳಿದರು. ನಯವಾದ ಗಾಜಿನ ಮೇಜು. ಚಿಕ್ಕಪ್ಪ ಹೆಬ್ಬೆರಳು, ನಡುಬೆರಳು ಸೇರಿಸಿ ನಾಣ್ಯವನ್ನು ಅಂಚಿಗೆ ಎಳೆದು ಚಕ್ಕನೆ ಎತ್ತಿ, ಅಷ್ಟಕ್ಕೇ ಬಿಡದೆ, ಬೆರಳ ಗಂಟುಗಳ ಮೇಲೆ ಉರುಳಿಸಿ ತೋರಿಸಿದ! ಹಬ್ಬದಲ್ಲಿ ನಮ್ಮ ಮನೆ ಮಕ್ಕಳಿಗೆ ತೋರಿಸುವ ಆಟ ಅದು. ನಾನು ಹಿಂದಿನಿಂದ ಅವನ ಅಂಗಿ ಜಗ್ಗಿದೆ.

ನಡುವೆ ಕೂತಿದ್ದ ಮೇಡಂ, "ಕಷ್ಟ ಆಗಲ್ವಾ ಯಜಮಾನ್ರೇ?" ಎಂದು ಕೇಳಿದರು.

"ಏನ್ ಕಷ್ಟ ಬುಡಿ ತಾಯಿ. ಅಭ್ಯಾಸ ಆಗೋಗದೆ."

ಹೋಯಿತು, ಇನ್ನೇನೂ ಇಲ್ಲ ಎಂದುಕೊಂಡೆ. ಆದರೆ ಮೂಳೆ ಡಾಕ್ಟರು ನಾಣ್ಯದ ಕಡೆ ನೋಡಲೇ ಇಲ್ಲ. ಪಕ್ಕದಲ್ಲಿದ್ದ ಪುಸ್ತಕದಂಥ ಕಟ್ಟಿನ ಒಂದು ಪುಟ ತೆಗೆದು ಬೆರಳಿಟ್ಟು ಓದಿ, "ಹದಿನೈದು" ಎಂದರು. ಕಡಿದು ಹೋದ ಅಂಗಕ್ಕೆ ಎಲ್ಲಿಂದ ಹೋಗಿದೆ ಅನ್ನುವುದಷ್ಟೇ ಲೆಕ್ಕ. ಉಳಿದ ಬೆರಳುಗಳು ಅದರ ಕೆಲಸ ಕಲಿತುಕೊಂಡಿವೆಯೋ ಇಲ್ಲವೋ ಯಾರೂ ಕೇಳುವುದಿಲ್ಲ. ಮೇಡಂ ನನ್ನ ಹಾಳೆಯನ್ನು ಒಮ್ಮೆ, ಕಂಪ್ಯೂಟರನ್ನು ಒಮ್ಮೆ ನೋಡಿದರು. ನಲವತ್ತು.

ಹದಿನಾಲ್ಕು ಅಂದಿದ್ದರೆ ಮೂವತ್ತೊಂಬತ್ತು ಚಿಲ್ಲರೆಗೆ ನಿಲ್ಲುತ್ತಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ ಅದನ್ನೇ ಯೋಚಿಸುತ್ತಿದ್ದೆ. ಮನುಷ್ಯನ ಮೈಯನ್ನು ಹೀಗೆ ಪರ್ಸೆಂಟಿಗೆ ಇಳಿಸುವುದು ಅಸಹ್ಯ ಎಂದು ಸ್ಟಾಫ್ ರೂಮಿನಲ್ಲಿ ಭಾಷಣ ಮಾಡಿದ್ದವಳು ನಾನು. ಈಗಲೂ ನಲವತ್ತರ ಆ ಗೆರೆಯನ್ನು ನಾನು ಒಪ್ಪುವುದಿಲ್ಲ. ಆದರೂ ಆ ಕೋಷ್ಟಕ ಅವತ್ತು ಚಿಕ್ಕಪ್ಪನಿಂದ ಏನನ್ನೂ ಕೇಳಲಿಲ್ಲ. ಅಳು ಅನ್ನಲಿಲ್ಲ, ಕುಂಟು ಅನ್ನಲಿಲ್ಲ. ಅವನು ಜಂಬ ಕೊಚ್ಚಿಕೊಂಡೇ ತನಗೆ ಬರಬೇಕಾದ್ದನ್ನು ಪಡೆದುಕೊಂಡು ಬಂದ. ಕರುಣೆಯಿಂದ ಕೊಡುವ ಅಧಿಕಾರಿಯ ಮುಂದೆ ಹೀಗೆ ನಾಣ್ಯ ಉರುಳಿಸಿದ್ದರೆ ಎದ್ದು ಹೋಗು ಅನ್ನುತ್ತಿದ್ದರು.

ಇದು ಬರೀ ನನ್ನ ಊಹೆಯಲ್ಲ, ಮುಂದಿನ ಹಂತದಲ್ಲೇ ಕಂಡೆ. ಹಳದಿ ಕಾರ್ಡು ಬಂದ ಮೇಲೆ ನಾಡಕಚೇರಿಯಲ್ಲಿ ಮಾಸಾಶನಕ್ಕೆ ಅರ್ಜಿ. ಅದಕ್ಕೆ ಕುಟುಂಬದ ಆದಾಯ ವರ್ಷಕ್ಕೆ 32,000ದ ಒಳಗಿರಬೇಕು. ಆ ವರ್ಷ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 309. ನೂರು ದಿನದ ಕೆಲಸ ಪೂರ್ತಿ ಸಿಕ್ಕಿದರೆ 30,900 ಆಗುತ್ತದೆ. ಅದರ ಮೇಲೆ ವಾರ ಎರಡು ವಾರ ಯಾರದಾದರೂ ಗದ್ದೆಯಲ್ಲಿ ಕಳೆ ಕಿತ್ತರೆ ಮುಗಿಯಿತು, ನೀವು ಅನುಕೂಲಸ್ಥರು. ಹಳ್ಳಿಯಲ್ಲಿ ಬದುಕಿರುವ ಯಾವ ಮನೆಯೂ ಈ ಲೆಕ್ಕದೊಳಗೆ ಕೂರುವುದಿಲ್ಲ ಎಂದು ಅರ್ಜಿ ಹಾಕುವವರಿಗೂ ಗೊತ್ತು, ಬರೆದುಕೊಳ್ಳುವವರಿಗೂ ಗೊತ್ತು. ಹಾಗಾಗಿ ಅಲ್ಲಿ ಕೋಷ್ಟಕ ಕೆಲಸ ಮಾಡುವುದಿಲ್ಲ, ಮುಖ ಕೆಲಸ ಮಾಡುತ್ತದೆ. ಗ್ರಾಮ ಲೆಕ್ಕಿಗರು ಸ್ಥಳ ಪರಿಶೀಲನೆಗೆ ಬಂದರು. ಜಗಲಿಯ ಮೇಲೆ ಕೂತು ಒಳಗೆ ಕಣ್ಣಾಡಿಸಿದರು. ಟಿವಿ ಯಾರದು, ಮಗ ಬೆಂಗಳೂರಲ್ಲಿ ಎಷ್ಟು ತಗೋತಾನೆ, ಹಸು ಎಷ್ಟು ಹಾಲು ಕೊಡುತ್ತೆ. ಕಟುವಾದ ಮನುಷ್ಯನೇನಲ್ಲ. ಆದರೆ ಮೂರನೇ ಪ್ರಶ್ನೆಯ ಹೊತ್ತಿಗೆ ಚಿಕ್ಕಮ್ಮ ಸೆರಗು ಹಿಡಿದು ಅಳಲು ಶುರು ಮಾಡಿದ್ದಳು. ಯಾರೂ ಹೇಳಿಕೊಟ್ಟಿರಲಿಲ್ಲ. ಚಿಕ್ಕಪ್ಪ ಎದ್ದು ಹಿತ್ತಲಿಗೆ ಹೋದ, ಅವರು ಹೋಗುವವರೆಗೂ ಬರಲಿಲ್ಲ.

ಆದೇಶ ಬಂತು. ಎಂಟ್ನೂರೂ ಬಂತು, ಒಂದೊಂದು ತಿಂಗಳು ತಡವಾಗಿ, ಒಂದೊಂದು ಸಲ ಎರಡು ತಿಂಗಳದ್ದು ಒಟ್ಟಿಗೆ. ಮಾಸಾಶನಕ್ಕಿಂತ ಅವನಿಗೆ ಪ್ರೀತಿಯಾದದ್ದು ಬಸ್ ಪಾಸು. ವರ್ಷಕ್ಕೆ 660 ರೂಪಾಯಿ ಕಟ್ಟಿದರೆ ಮನೆಯಿಂದ ನೂರು ಕಿಲೋಮೀಟರ್ ಒಳಗೆ ಎಲ್ಲಿಗಾದರೂ ಓಡಾಡಬಹುದು. ಸಂತೆ, ಜಾತ್ರೆ, ಯಾರದೋ ಮನೆಯ ತಿಥಿ, ಹೆಣ್ಣು ನೋಡುವುದು ಎಲ್ಲಕ್ಕೂ ಈಗ ಅವನೇ ಮುಂದು. ಕಂಡಕ್ಟರು ಕಾರ್ಡು ಕೇಳಿದರೆ ಎಡಗೈಯಲ್ಲೇ ಹಿಡಿದು ತೋರಿಸುತ್ತಾನೆ.

ಒಂದು ವಿಷಯದಲ್ಲಿ ಮಾತ್ರ ಅವನಿಗೆ ಇವತ್ತಿಗೂ ಸಮಾಧಾನವಿಲ್ಲ. ಮೂವತ್ತಕ್ಕೆ ಹದಿನೈದು ಸೇರಿದರೆ ನಲವತ್ತೈದಾಗಬೇಕು, ಮೂರನೇ ಕ್ಲಾಸಿನವರೆಗೆ ಓದಿದವನಿಗೂ ಗೊತ್ತು. ಉಳಿದ ಐದು ಏನಾಯಿತು? ನಾನು ಸೂತ್ರ ಬಿಡಿಸಿ ಹೇಳಿದೆ, ರಾಗಿ ಕಾಳು ಇಟ್ಟು ತೋರಿಸಿದೆ. ಕೊನೆಯವರೆಗೂ ತಾಳ್ಮೆಯಿಂದ ಕೇಳಿ, "ಆಯ್ತು ಮಗ, ನೀನು ಓದಿರೋಳು. ಆದ್ರೆ ಆ ಐದ ಯಾರೋ ತಿಂದವ್ರೆ" ಎಂದ. ಊರಲ್ಲೆಲ್ಲ ಹೀಗೇ ಹೇಳಿಕೊಂಡು ಬಂದಿದ್ದಾನೆ. ಪರಿಣಾಮ ಏನೆಂದರೆ ಪರ್ಸೆಂಟಿನ ಲೆಕ್ಕ ಮಾಡಿಸಲು ಜನ ಈಗ ನಮ್ಮ ಮನೆಗೇ ಬರುತ್ತಾರೆ. ಮೊನ್ನೆ ಹಿಂದಿನ ಬೀದಿಯ ಹೆಂಗಸೊಬ್ಬರು ಬಂದಿದ್ದರು. ಕಾಲಿಗೆ ಮೂವತ್ತಾರು, ಕಿವಿಗೆ ಆರು ಎಂದು ಬರೆದಿದ್ದಾರೆ, ಒಟ್ಟು ನಲವತ್ತೆರಡಲ್ಲವಾ ಎಂದರು. ಹಾಕಿ ನೋಡಿದರೆ 39.6. ದುಂಡು ಮಾಡಿದರೆ ನಲವತ್ತು, ಮಾಡದಿದ್ದರೆ ಇಲ್ಲ. ಬೋರ್ಡಿನವರು ಹೇಗೆ ಮಾಡುತ್ತಾರೋ ಕೇಳೋಣ ಎಂದು ವಿಆರ್‌ಡಬ್ಲ್ಯೂಗೆ ಫೋನು ಹಚ್ಚುತ್ತಿದ್ದೆ. ಜಗಲಿಯ ಮೇಲೆ ಬೀಡಿ ಸೇದುತ್ತಿದ್ದ ಚಿಕ್ಕಪ್ಪ ಆಕೆಯ ಕಡೆ ತಿರುಗಿ, "ನಂದರಲ್ಲಿ ಐದು ತಿಂದ್ರು ಕನವ್ವ, ನಿಂದರಲ್ಲಿ ಎರಡೂವರೆಗೆ ಬಿಟ್ಟವ್ರೆ. ಹೋಗ್ ಹೋಗು, ಅಪೀಲ್ ಹಾಕು" ಎಂದ.